ಪಟ್ಟಿಯಲ್ಲಿ ಕಾಣದ ಕಡಿತ: ಷೇರು ಮ್ಯೂಚುವಲ್ ಫಂಡ್ ಬಗ್ಗೆ ಶಿರಸಿಯಲ್ಲಿ ಆಡಿದ ಮಾತು

(ಶಿರಸಿಯಲ್ಲಿ ಸಹಕಾರಿ ಸಂಘವೊಂದರ ಸದಸ್ಯರಿಗಾಗಿ ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಮಂತ್ರಣ ಪತ್ರಿಕೆಯಲ್ಲಿ ‘ಷೇರು ಪೇಟೆಯಿಂದ ಸಂಪತ್ತು’ ಎಂದು ಅಚ್ಚಾಗಿದೆ. ಸಂಘಟಕರ ಉತ್ಸಾಹಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ನನ್ನ ವಿಷಯ ಅಷ್ಟು ಹೊಳಪಿನದಲ್ಲ. ಆ ಸಂಪತ್ತು ನಿಮ್ಮ ಕೈಗೆ ಬರುವ ದಾರಿಯಲ್ಲಿ ಯಾರು ಯಾರು ಎಷ್ಟೆಷ್ಟು ಮುರಿದುಕೊಳ್ಳುತ್ತಾರೆ, ಅದರಲ್ಲಿ ನೀವು ತಪ್ಪಿಸಬಹುದಾದದ್ದು ಎಷ್ಟು, ಪೇಟೆ ಬಿದ್ದಾಗ ತಡೆದುಕೊಳ್ಳುವ ಶಕ್ತಿ ಯಾರಿಗಿದೆ ಯಾರಿಗಿಲ್ಲ ಎಂಬುದನ್ನು ಹೇಳಲು ಬಂದಿದ್ದೇನೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಯಾವ ಫಂಡನ್ನೂ ಮಾರುವುದಿಲ್ಲ. ಯಾವ ಫಂಡಿನ ಹೆಸರನ್ನೂ ಇಂದು ಹೇಳುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಚಹಾ ಕುಡಿಯುತ್ತ ಕಿವಿಯಲ್ಲಿ ಕೇಳಿದರೂ ಹೇಳುವುದಿಲ್ಲ.

ಅಡಿಕೆ ಮಾರಿದ ದಿನ ನಿಮ್ಮ ಕೈಗೆ ಒಂದು ಪಟ್ಟಿ ಬರುತ್ತದೆ. ರಾಶಿ ಬಗೆ ಎಷ್ಟು, ಚಾಲಿ ಬಗೆ ಎಷ್ಟು, ಯಾವ ದರಕ್ಕೆ ಹೋಯಿತು, ತೂಕ ಎಷ್ಟು, ಯಾವ ಬಾಬ್ತಿಗೆ ಎಷ್ಟು ಮುರಿದರು, ಸಾಲದ ಖಾತೆಗೆ ಎಷ್ಟು ಜಮೆ, ಕೈಗೆ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಈ ಸಭೆಯಲ್ಲಿ ಆ ಪಟ್ಟಿಯನ್ನು ಎರಡು ಸಲ ಓದದೆ ಕಿಸೆಗೆ ಹಾಕುವವರು ಒಬ್ಬರೂ ಇರಲಾರರು. ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚು ಕಡಿತವಾಗಿದ್ದರೆ ಅಲ್ಲಿಯೇ ಕೇಳುತ್ತೀರಿ. ಹಲವರ ಹಣ ಒಟ್ಟುಗೂಡಿಸಿ ಷೇರು ಕೊಳ್ಳುವ ಮ್ಯೂಚುವಲ್ ಫಂಡಿನಲ್ಲಿ ಅಂಥ ಪಟ್ಟಿ ಇಲ್ಲ. ಕಡಿತ ದಿನವೂ ನಡೆಯುತ್ತದೆ, ನೀವು ನೋಡುವ ಬೆಲೆ ಕಡಿತವಾದ ಮೇಲಿನ ಬೆಲೆ.

ಪರದೆಯ ಮೇಲೆ ಒಂದು ಖಾತೆಯ ಸ್ಟೇಟ್‌ಮೆಂಟ್ ಇದೆ, ನೋಡಿ. ಕರಾವಳಿಯ ಕಡೆಯ ಹಿರಿಯರೊಬ್ಬರು ಹೆಸರು ಮುಚ್ಚಿ ಬಳಸಲು ಒಪ್ಪಿ ಕೊಟ್ಟದ್ದು. ಎಡಗಡೆ ದಿನಾಂಕ, ಪಕ್ಕದಲ್ಲಿ ಮೊತ್ತ, ಆಮೇಲೆ ಆ ದಿನದ ನಿವ್ವಳ ಆಸ್ತಿ ಮೌಲ್ಯ (ಯೂನಿಟ್ ಎನ್ನುವ ಫಂಡಿನ ಒಂದು ಪಾಲಿನ ಬೆಲೆ), ಅಂದರೆ ಎನ್‌ಎವಿ, ನಂತರ ಸಿಕ್ಕ ಯೂನಿಟ್‌ಗಳು. ಪ್ರತಿ ತಿಂಗಳ 10,000 ರೂಪಾಯಿಯ ಸಾಲಿನ ಕೆಳಗೆ ಇನ್ನೊಂದು ಸಣ್ಣ ಸಾಲು ಇದೆ: ಸ್ಟಾಂಪ್ ಶುಲ್ಕ 50 ಪೈಸೆ. 2020ರ ಜುಲೈನಿಂದ ಫಂಡ್ ಖರೀದಿಯ ಮೇಲೆ ಶೇಕಡಾ 0.005ರಷ್ಟು ಸ್ಟಾಂಪ್ ಶುಲ್ಕ ಬಂದಿದೆ, ಅದು ಇದು. ಐವತ್ತು ಪೈಸೆಯನ್ನು ಇಷ್ಟು ನಿಷ್ಠೆಯಿಂದ ಸಾಲು ಹಾಕಿ ತೋರಿಸುವ ಈ ಕಾಗದ, ಇದೇ ಖಾತೆಯಿಂದ ವರ್ಷಕ್ಕೆ ಹೋಗುತ್ತಿರುವ ಸಾವಿರಾರು ರೂಪಾಯಿಯನ್ನು ಈ ಸಾಲುಗಳ ನಡುವೆ ಎಲ್ಲಿಯೂ ತೋರಿಸುವುದಿಲ್ಲ. ಆರು ತಿಂಗಳಿಗೊಮ್ಮೆ ಬರುವ ಕ್ರೋಡೀಕೃತ ಸ್ಟೇಟ್‌ಮೆಂಟಿನಲ್ಲಿ ಏಜೆಂಟರಿಗೆ ಹೋದ ಕಮಿಷನ್ ಮತ್ತು ಯೋಜನೆಯ ವೆಚ್ಚವನ್ನು ನಮೂದಿಸಬೇಕೆಂಬ ನಿಯಮ ಇದೆ, ನಮೂದಿಸುತ್ತಾರೆ ಕೂಡ. ಆದರೆ ಅದು ಇಮೇಲ್‌ಗೆ ಬರುತ್ತದೆ, ತೆರೆಯಲು ಪಾಸ್‌ವರ್ಡ್ ಬೇಕು. ಊರಿನಲ್ಲಿ ಅಪ್ಪನ ಇಮೇಲ್ ಮಗನ ಫೋನಿನಲ್ಲಿ, ಮಗ ಬೆಂಗಳೂರಿನಲ್ಲಿ. ಓದುವವರು ಯಾರು?

ಇನ್ನು ಯೋಜನೆಯ ಹೆಸರಿನ ಕೊನೆಯ ಎರಡು ಪದ ನೋಡಿ: ‘ರೆಗ್ಯುಲರ್, ಗ್ರೋತ್’. ನನ್ನ ಇಂದಿನ ಮಾತಿನ ಅರ್ಧ ಭಾಗ ಆ ‘ರೆಗ್ಯುಲರ್’ ಎಂಬ ಪದದೊಳಗೆ ಇದೆ.

2009ರ ಆಗಸ್ಟ್‌ವರೆಗೆ ಫಂಡಿಗೆ ಹಣ ಹಾಕುವಾಗಲೇ ಪ್ರವೇಶ ಶುಲ್ಕ ಮುರಿಯುತ್ತಿದ್ದರು. ಷೇರು ಫಂಡ್‌ಗಳಲ್ಲಿ ಅದು ಸಾಮಾನ್ಯವಾಗಿ ಶೇಕಡಾ 2.25. ಒಂದು ಲಕ್ಷ ಕೊಟ್ಟರೆ 97,750 ರೂಪಾಯಿಗೆ ಮಾತ್ರ ಯೂನಿಟ್. ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದನ್ನು ನಿಲ್ಲಿಸಿತು. 2013ರ ಜನವರಿಯಿಂದ ಪ್ರತಿ ಯೋಜನೆಗೂ ‘ಡೈರೆಕ್ಟ್’ ಎಂಬ ನೇರ ದಾರಿ ಇರಲೇಬೇಕೆಂದು ಆಯಿತು. ಫಂಡ್ ಒಂದೇ, ಅದರಲ್ಲಿರುವ ಷೇರುಗಳು ಅವೇ, ನಿರ್ವಹಿಸುವವರೂ ಅವರೇ. ಡೈರೆಕ್ಟ್ ಯೋಜನೆಯಲ್ಲಿ ಮಾರಾಟಗಾರರ ಕಮಿಷನ್ ಇಲ್ಲ, ರೆಗ್ಯುಲರ್‌ನಲ್ಲಿ ಇದೆ. ಅದೂ ಒಂದು ಸಲದ್ದಲ್ಲ. ನಿಮ್ಮ ಹಣ ಅಲ್ಲಿ ಇರುವಷ್ಟು ಕಾಲ, ಬೆಳೆದ ಒಟ್ಟು ಮೊತ್ತದ ಮೇಲೆ, ವರ್ಷ ವರ್ಷವೂ ಹೋಗುತ್ತದೆ.

ವರ್ಷಕ್ಕೆ ಒಟ್ಟು ಎಷ್ಟು ಖರ್ಚು ಹಾಕಬಹುದೆಂಬುದಕ್ಕೆ ಮಿತಿ ಇದೆ. 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಪಟ್ಟಿಯ ಪ್ರಕಾರ ಷೇರು ಫಂಡಿನ ಮೊದಲ 500 ಕೋಟಿಗೆ ಶೇಕಡಾ 2.25, ಮುಂದಿನ 250 ಕೋಟಿಗೆ 2, ಹೀಗೆ ಮೆಟ್ಟಿಲು ಇಳಿಯುತ್ತ 50,000 ಕೋಟಿ ದಾಟಿದ ಭಾಗಕ್ಕೆ 1.05. ಆಮೇಲೂ ನಿಯಮಗಳನ್ನು ತಿದ್ದಿದ್ದಾರೆ, ಆದರೆ ಫಂಡ್ ದೊಡ್ಡದಾದಂತೆ ಶೇಕಡಾವಾರು ಇಳಿಯಬೇಕೆಂಬ ತತ್ವ ಅದೇ ಉಳಿದಿದೆ. ಇದು ಗರಿಷ್ಠ ಮಿತಿ. ಫಂಡ್ ಸಂಸ್ಥೆಗಳು ಇದಕ್ಕಿಂತ ಕಡಿಮೆ ಹಾಕಬಹುದು. ತಮ್ಮ ಯೋಜನೆಯ ವೆಚ್ಚ ಎಷ್ಟೆಂದು ತಮ್ಮ ಜಾಲತಾಣದಲ್ಲಿ ದಿನವೂ ಹೇಳಬೇಕು.

ಶೇಕಡಾ ಎರಡು ಎಂದರೆ ಕೇಳಲು ಏನೂ ಅಲ್ಲ. ಹಾಗಾಗಿ ಲೆಕ್ಕ ಮಾಡಿಯೇ ನೋಡೋಣ. ಒಂದು ಲಕ್ಷ ರೂಪಾಯಿ, ಇಪ್ಪತ್ತು ವರ್ಷ. ಖರ್ಚಿಗೆ ಮೊದಲು ಷೇರುಗಳು ವರ್ಷಕ್ಕೆ ಶೇಕಡಾ 12 ಬೆಳೆದವು ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ಯಾರೂ ಕೊಡುವ ಭರವಸೆಯಲ್ಲ. ಖರ್ಚೇ ಇಲ್ಲದಿದ್ದರೆ ಕೊನೆಗೆ ಸುಮಾರು 9 ಲಕ್ಷ 64 ಸಾವಿರ. ವರ್ಷಕ್ಕೆ ಶೇಕಡಾ 1 ಹೋದರೆ 8 ಲಕ್ಷ 6 ಸಾವಿರ. ಶೇಕಡಾ 2 ಹೋದರೆ 6 ಲಕ್ಷ 72 ಸಾವಿರ. ಅಂದರೆ ಎರಡು ಶೇಕಡಾ ಎಂದು ಹೇಳಿಕೊಂಡು ಬಂದ ಖರ್ಚು, ನೀವು ಹಾಕಿದ್ದ ಒಂದು ಲಕ್ಷದ ಎದುರು 2 ಲಕ್ಷ 92 ಸಾವಿರ ತಿಂದಿದೆ. ಪೇಟೆ ಏರಿದ ವರ್ಷವೂ ಹೋಗಿದೆ, ಇಳಿದ ವರ್ಷವೂ ಹೋಗಿದೆ.

ಹಾಗೆಂದು ಏಜೆಂಟರೆಲ್ಲ ಸುಲಿಗೆಕೋರರು ಎಂದು ನಾನು ಹೇಳುವುದಿಲ್ಲ. ಪೇಟೆ ಕುಸಿದ ದಿನ ಗಾಬರಿಯಿಂದ ಫೋನ್ ಮಾಡಿದ ಗಿರಾಕಿಗೆ ‘ಈಗ ಮಾರಬೇಡಿ, ನಾಳೆ ಬನ್ನಿ, ಕುಳಿತು ಮಾತಾಡೋಣ’ ಎಂದು ತಡೆದವನು ತನ್ನ ಕಮಿಷನ್‌ಗೆ ಹತ್ತರಷ್ಟು ಉಳಿಸಿಕೊಟ್ಟಿರುತ್ತಾನೆ. ಅಂಥವರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ನಾನು ದೂರುವುದು ಫಾರ್ಮಿಗೆ ಸಹಿ ಹಾಕಿಸಿಕೊಂಡ ಮೇಲೆ ಮುಖ ತೋರಿಸದವರನ್ನು. ಬ್ಯಾಂಕಿಗೆ ಠೇವಣಿ ನವೀಕರಿಸಲು ಹೋದವರನ್ನು ಒಳಗಿನ ಕೋಣೆಗೆ ಕರೆದು ಕೂರಿಸಿ, ‘ಇದೂ ಫಂಡೇ’ ಎಂದು ಐದು ವರ್ಷ ಕೈ ಹಾಕಲಾಗದ ವಿಮಾ ಪಾಲಿಸಿಗೆ ಸಹಿ ಮಾಡಿಸುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮ್ಯೂಚುವಲ್ ಫಂಡಿನಲ್ಲಿ ಸಾಮಾನ್ಯವಾಗಿ ಸಾವಿನ ಪರಿಹಾರ ಇರುವುದಿಲ್ಲ. ಯಾರಾದರೂ ಹೂಡಿಕೆಯ ಜೊತೆಗೆ ವಿಮೆಯೂ ಉಂಟು ಎಂದರೆ ಕಾಗದ ಕೆಳಗಿಟ್ಟು ಎದ್ದು ಬನ್ನಿ.

ಇದನ್ನು ಕೇಳಿ ನಾಳೆ ಬೆಳಿಗ್ಗೆಯೇ ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಬದಲಾಯಿಸಲು ಹೊರಡಬೇಡಿ. ಬದಲಾವಣೆ ಎಂದರೆ ಕಾನೂನಿನ ಕಣ್ಣಿಗೆ ಮಾರಿ ಮತ್ತೆ ಕೊಂಡ ಹಾಗೆ. ಹಾಕಿ ಒಂದು ವರ್ಷ ಆಗಿರದಿದ್ದರೆ ಬಹುತೇಕ ಷೇರು ಫಂಡ್‌ಗಳು ಶೇಕಡಾ 1 ನಿರ್ಗಮನ ಶುಲ್ಕ ಹಿಡಿಯುತ್ತವೆ. ತೆರಿಗೆಯೂ ಬರುತ್ತದೆ. 2024ರ ಜುಲೈ 23ರಿಂದ, ವರ್ಷದೊಳಗೆ ಮಾರಿದರೆ ಲಾಭದ ಮೇಲೆ ಶೇಕಡಾ 20. ವರ್ಷ ದಾಟಿದ್ದರೆ, ಎಲ್ಲ ಷೇರು ಮತ್ತು ಷೇರು ಫಂಡ್‌ಗಳ ಲಾಭ ಸೇರಿ ಆ ಹಣಕಾಸು ವರ್ಷದಲ್ಲಿ 1 ಲಕ್ಷ 25 ಸಾವಿರ ಮೀರಿದ ಭಾಗಕ್ಕೆ ಶೇಕಡಾ 12.5. ತೋಟದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂದು ರಿಟರ್ನ್ ಸಲ್ಲಿಸದೆ ಇದ್ದು ರೂಢಿಯಾದವರು ಇದನ್ನು ಗಮನಿಸಬೇಕು. ಅಡಿಕೆ ಹಣದಿಂದಲೇ ಕೊಂಡಿದ್ದರೂ ಫಂಡಿನ ಲಾಭ ಕೃಷಿ ಆದಾಯವಲ್ಲ. ಹೊಸ ಹಣವನ್ನು ಡೈರೆಕ್ಟ್‌ನಲ್ಲಿ ಹಾಕಿ, ಹಳೆಯದನ್ನು ವರ್ಷಕ್ಕಿಷ್ಟು ಎಂದು ಆ ಮಿತಿಯೊಳಗೆ ಸಾಗಿಸುವುದು ಒಂದು ದಾರಿ.

ಖರ್ಚಿನ ಮಾತು ಬಿಡುವ ಮುನ್ನ ಎರಡು ಭ್ರಮೆ. ‘ಹೊಸ ಫಂಡ್, ಯೂನಿಟ್‌ಗೆ ಹತ್ತೇ ರೂಪಾಯಿ, ಹಳೆಯದು ಐನೂರು ರೂಪಾಯಿ’ ಎಂದು ಹೊಸದು ಅಗ್ಗ ಎನ್ನುತ್ತಾರೆ. ಅಗ್ಗವೂ ಇಲ್ಲ, ತುಟ್ಟಿಯೂ ಇಲ್ಲ. ಒಳಗಿನ ಷೇರುಗಳು ಶೇಕಡಾ ಹತ್ತು ಏರಿದರೆ ಹತ್ತರದ್ದು ಹನ್ನೊಂದಾಗುತ್ತದೆ, ಐನೂರರದ್ದು ಐನೂರೈವತ್ತಾಗುತ್ತದೆ, ನಿಮ್ಮ ಲಕ್ಷ ಎರಡರಲ್ಲೂ ಒಂದು ಲಕ್ಷ ಹತ್ತು ಸಾವಿರವೇ. ಇನ್ನೊಂದು ಡಿವಿಡೆಂಡ್. ಫಂಡ್ ಕೊಡುವ ಡಿವಿಡೆಂಡ್ ಬಡ್ಡಿಯಲ್ಲ; ನಿಮ್ಮದೇ ಎನ್‌ಎವಿಯಿಂದ ತೆಗೆದು ನಿಮಗೇ ಕೊಡುವುದು. 2021ರ ಏಪ್ರಿಲ್‌ನಲ್ಲಿ ಸೆಬಿ ಆ ಆಯ್ಕೆಯ ಹೆಸರನ್ನೇ ಬದಲಾಯಿಸಿ, ಅದರಲ್ಲಿ ಬಂಡವಾಳದ ಹಿಂಪಾವತಿಯೂ ಇದೆ ಎಂಬುದು ಹೆಸರಿನಲ್ಲೇ ಗೊತ್ತಾಗುವಂತೆ ಮಾಡಿತು. ಅದರ ಮೇಲೆ ತೆರಿಗೆ ಬೇರೆ.

ಈಗ ದಾರಿಯ ವಿಷಯ. ಯಾವ ಫಂಡ್?

2017ರ ಅಕ್ಟೋಬರ್‌ನಲ್ಲಿ ಸೆಬಿ ಫಂಡ್‌ಗಳನ್ನು ವರ್ಗ ಮಾಡಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ನೂರು ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250ರವರೆಗೆ ಮಿಡ್ ಕ್ಯಾಪ್, 251ರಿಂದ ಆಚೆಗೆ ಸ್ಮಾಲ್ ಕ್ಯಾಪ್. ಲಾರ್ಜ್ ಕ್ಯಾಪ್ ಫಂಡ್ ತನ್ನ ಹಣದ ಶೇಕಡಾ 80ನ್ನಾದರೂ ಆ ನೂರರಲ್ಲೇ ಇಡಬೇಕು. ಇದರ ಪರಿಣಾಮ ಏನೆಂದರೆ, ಪರದೆಯ ಮೇಲಿರುವ ಈ ಹಿರಿಯರ ಬಳಿ ಹದಿನಾಲ್ಕು ಫಂಡ್ ಇವೆ, ಅವುಗಳಲ್ಲಿ ಬಹುಪಾಲಿನ ಮೇಲ್ಸಾಲಿನಲ್ಲಿ ಅವೇ ಎರಡು ಬ್ಯಾಂಕು, ಅದೇ ಒಂದು ತೈಲ ಕಂಪನಿ, ಅವೇ ಎರಡು ಸಾಫ್ಟ್‌ವೇರ್ ಕಂಪನಿ. ಹದಿನಾಲ್ಕು ಫಂಡ್ ಇದ್ದರೆ ಅಪಾಯ ಹಂಚಿಹೋಗಿದೆ ಎಂದು ಅವರು ನಂಬಿದ್ದರು. ಹಂಚಿಹೋದದ್ದು ಕಾಗದ ಮಾತ್ರ.

ಫಂಡ್ ಮ್ಯಾನೇಜರ್‌ನ ಜಾಣ್ಮೆಗೆ ಹಣ ಕೊಡುವ ಬದಲು, ಐವತ್ತು ದೊಡ್ಡ ಕಂಪನಿಗಳ ನಿಫ್ಟಿ 50ರಂಥ ಸೂಚ್ಯಂಕದಲ್ಲಿ ಯಾವ ಕಂಪನಿ ಎಷ್ಟು ಇದೆಯೋ ಅಷ್ಟನ್ನೇ ಕೊಂಡು ಸುಮ್ಮನೆ ಕೂರುವ ಇಂಡೆಕ್ಸ್ ಫಂಡ್ ಇನ್ನೊಂದು ದಾರಿ. ಅಮೆರಿಕದಲ್ಲಿ ಜಾನ್ ಬೋಗಲ್ 1976ರಲ್ಲಿ ಸಾಮಾನ್ಯ ಹೂಡಿಕೆದಾರರಿಗಾಗಿ ಇದನ್ನು ಶುರು ಮಾಡಿದಾಗ, 15 ಕೋಟಿ ಡಾಲರ್ ಬರಬಹುದೆಂದು ಕಾದವರಿಗೆ ಬಂದದ್ದು ಒಂದು ಕೋಟಿ ಚಿಲ್ಲರೆ. ಪೇಟೆಯವರು ಅದನ್ನು ಬೋಗಲ್‌ನ ಮೂರ್ಖತನ ಎಂದು ಕರೆದು ನಕ್ಕರು. ಇಂದು ಅವರ ಸಂಸ್ಥೆ ಜಗತ್ತಿನ ಅತಿ ದೊಡ್ಡ ಫಂಡ್ ಸಂಸ್ಥೆಗಳಲ್ಲಿ ಒಂದು. ಬೋಗಲ್ ಅವರ ವಾದ ಸರಳವಾದದ್ದು: ಎಲ್ಲ ಹೂಡಿಕೆದಾರರು ಸೇರಿದರೆ ಅದೇ ಪೇಟೆ, ಒಬ್ಬ ಸರಾಸರಿಗಿಂತ ಹೆಚ್ಚು ಪಡೆದರೆ ಇನ್ನೊಬ್ಬ ಕಡಿಮೆ ಪಡೆದಿರಲೇಬೇಕು, ಖರ್ಚು ಮಾತ್ರ ಎಲ್ಲರದ್ದೂ ಹೋಗುತ್ತದೆ. ನಮ್ಮಲ್ಲಿ ನಿಫ್ಟಿ ಇಂಡೆಕ್ಸ್ ಫಂಡ್‌ಗಳ ನೇರ ಯೋಜನೆಯ ವೆಚ್ಚ ಸಾಮಾನ್ಯವಾಗಿ ಕಾಲು ಶೇಕಡಾದ ಆಸುಪಾಸಿನಲ್ಲಿದೆ. ದೊಡ್ಡ ಕಂಪನಿಗಳ ಮಟ್ಟಿಗೆ ನನ್ನ ಒಲವು ಸ್ಪಷ್ಟವಾಗಿ ಇದರ ಕಡೆಗೆ.

ಆದರೂ ಮ್ಯಾನೇಜರ್ ಇರುವ ಫಂಡೇ ಬೇಕೆನ್ನುವವರು ಎರಡು ಪ್ರಶ್ನೆ ಕೇಳಿ. ಹೋಲಿಕೆಗೆ ಇಟ್ಟ ಸೂಚ್ಯಂಕದಲ್ಲಿ ಕಂಪನಿಗಳು ಕೊಟ್ಟ ಡಿವಿಡೆಂಡ್ ಸೇರಿದೆಯೇ? 2018ರ ಫೆಬ್ರುವರಿಗೆ ಮೊದಲು ಸೇರಿಸುವುದು ಕಡ್ಡಾಯವಿರಲಿಲ್ಲ, ಎಷ್ಟೋ ಫಂಡ್‌ಗಳು ಅದರಿಂದಲೇ ಶೂರರಾಗಿ ಕಾಣುತ್ತಿದ್ದವು. ಎರಡನೆಯದು, ಇದೇ ಸಂಸ್ಥೆಯ ಸೋತ ಫಂಡ್‌ಗಳು ಎಲ್ಲಿ ಹೋದವು? ಸೋತದ್ದನ್ನು ಗೆದ್ದದ್ದರೊಳಗೆ ವಿಲೀನ ಮಾಡಿದರೆ ಜಾಹೀರಾತಿನಲ್ಲಿ ಉಳಿಯುವುದು ಗೆದ್ದವರು ಮಾತ್ರ.

ಎಸ್‌ಐಪಿ ಬಗ್ಗೆ, ಅಂದರೆ ತಿಂಗಳಿಗಿಷ್ಟು ಎಂದು ಕಂತಿನಲ್ಲಿ ಹಾಕುವುದರ ಬಗ್ಗೆ, ಟಿವಿಯಲ್ಲಿ ಬೇಕಾದಷ್ಟು ಕೇಳಿದ್ದೀರಿ. ತಿಂಗಳಿಗೆ ಸಾವಿರದಂತೆ ನಾಲ್ಕು ತಿಂಗಳು ಹಾಕಿದಿರಿ, ಎನ್‌ಎವಿ 50, 40, 25, ಮತ್ತೆ 40 ಆಯಿತು ಎನ್ನಿ. ಸಿಕ್ಕ ಯೂನಿಟ್ 20, 25, 40, 25, ಒಟ್ಟು 110. ಬೆಲೆ ಐವತ್ತಕ್ಕೆ ಮರಳದೆ ನಲವತ್ತರಲ್ಲೇ ನಿಂತಿದ್ದರೂ ನಾಲ್ಕು ಸಾವಿರ 4,400 ಆಗಿದೆ, ಏಕೆಂದರೆ ಅಗ್ಗವಾದ ತಿಂಗಳಲ್ಲಿ ಹೆಚ್ಚು ಯೂನಿಟ್ ಬಂತು. ಜಾಹೀರಾತು ಇಲ್ಲಿಗೆ ನಿಲ್ಲುತ್ತದೆ. ಹದಿನೈದು ವರ್ಷ ಎಸ್‌ಐಪಿ ಮಾಡಿ ನಲವತ್ತು ಲಕ್ಷ ಕೂಡಿಸಿದವರಿಗೆ ಆ ತಿಂಗಳು ಅಗ್ಗಕ್ಕೆ ಸಿಗುವ ಹತ್ತು ಸಾವಿರದ ಯೂನಿಟ್‌ಗಳಿಂದ ಏನೂ ಆಗುವುದಿಲ್ಲ. ಪೇಟೆ ಶೇಕಡಾ 40 ಬಿದ್ದರೆ ಹದಿನಾರು ಲಕ್ಷ ಕಾಣೆಯಾಗುತ್ತದೆ. ಮಗಳ ಮದುವೆಗೋ ಮನೆ ಕಟ್ಟಲಿಕ್ಕೋ ಹಣ ಬೇಕಾಗುವ ಮೂರು ನಾಲ್ಕು ವರ್ಷ ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಠೇವಣಿಗೆ ಇಳಿಸುತ್ತ ಬರಬೇಕು. ‘ಇನ್ನೊಂದು ವರ್ಷ ನೋಡೋಣ, ಏರುತ್ತಿದೆಯಲ್ಲ’ ಎಂಬ ಮಾತು ಬಹಳ ಮನೆಗಳಲ್ಲಿ ಕೇಳಿದ್ದೇನೆ.

ಮತ್ತೊಂದು ನಮ್ಮದೇ ತೊಡಕು. ತಿಂಗಳ ಸಂಬಳದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಏರ್ಪಾಡು ಈ ಎಸ್‌ಐಪಿ. ಕೈಗಾ ಅಣುಸ್ಥಾವರದಲ್ಲಿ, ಕಾರವಾರದ ನೌಕಾನೆಲೆಯಲ್ಲಿ, ಶಾಲೆ ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಅದು ಸರಿ. ಅಡಿಕೆಯವರಿಗೆ ಹಣ ಬರುವುದು ಕೊಯ್ಲು ಮುಗಿದು ಮಾಲು ಮಾರಿದಾಗ. ಆಷಾಢದಲ್ಲಿ ಖಾತೆ ಬರಿದು. ಆಗ ಎಸ್‌ಐಪಿ ಕಂತು ತಪ್ಪುತ್ತದೆ, ಬ್ಯಾಂಕು ದಂಡ ಹಾಕುತ್ತದೆ, ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿಯೇ ರದ್ದಾಗುತ್ತದೆ. ಮೀನುಗಾರರಿಗೂ ಇದೇ ಕಷ್ಟ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಇಂಥವರು ಹಣ ಬಂದಾಗ ಒಟ್ಟಿಗೆ ಲಿಕ್ವಿಡ್ ಫಂಡಿನಲ್ಲಿಟ್ಟು (ಷೇರು ಕೊಳ್ಳದೆ ಅಲ್ಪಾವಧಿಯ ಸಾಲಪತ್ರಗಳಲ್ಲಿ ಹಣ ಇಡುವ ಫಂಡ್), ಅಲ್ಲಿಂದ ಅದೇ ಸಂಸ್ಥೆಯ ಷೇರು ಫಂಡಿಗೆ ತಿಂಗಳಿಗಿಷ್ಟು ತಾನಾಗಿ ಹೋಗುವಂತೆ ಎಸ್‌ಟಿಪಿ ಮಾಡಿಸಿಕೊಳ್ಳಬಹುದು. ಹೆದ್ದಾರಿ ಅಗಲೀಕರಣಕ್ಕೆ ಜಾಗ ಕೊಟ್ಟು ಪರಿಹಾರ ಪಡೆದವರಿಗೂ ಇದನ್ನೇ ಹೇಳುತ್ತೇನೆ. ಇದರಿಂದ ಲಾಭ ಹೆಚ್ಚುತ್ತದೆ ಎಂಬ ಖಾತರಿ ಇಲ್ಲ. ಏರುವ ಪೇಟೆಯಲ್ಲಿ ಒಮ್ಮೆಗೇ ಹಾಕಿದವರು ಮುಂದಿರುತ್ತಾರೆ. ಆದರೆ ಜೀವಮಾನದ ಹಣ ಹಾಕಿದ ಮರುತಿಂಗಳೇ ಕಾಲುಭಾಗ ಕರಗಿದರೆ ನಿದ್ದೆ ಬರುವುದಿಲ್ಲ, ನಿದ್ದೆಗೆಟ್ಟವರು ಮಾರಿಬಿಡುತ್ತಾರೆ.

ಇನ್ನು ಅಪಾಯ. ಕಂಪನಿ ಓಡಿಹೋದರೆ ಗತಿ ಏನು ಎಂಬುದು ಹಳ್ಳಿಗಳಲ್ಲಿ ಮೊದಲು ಬರುವ ಪ್ರಶ್ನೆ. ಫಂಡಿನ ಷೇರುಗಳು ಫಂಡ್ ನಡೆಸುವ ಕಂಪನಿಯ ಆಸ್ತಿಯಲ್ಲ. ಅವು ಟ್ರಸ್ಟ್ ಒಂದರ ಹೆಸರಿನಲ್ಲಿ, ಕಸ್ಟೋಡಿಯನ್ ಎಂಬ ಬೇರೆ ಸಂಸ್ಥೆಯ ವಶದಲ್ಲಿರುತ್ತವೆ. ಕಂಪನಿ ಮುಚ್ಚಿದರೂ ಅದಕ್ಕೆ ಸಾಲ ಕೊಟ್ಟವರು ನಿಮ್ಮ ಯೂನಿಟ್ ಮುಟ್ಟುವಂತಿಲ್ಲ. ಓಡಿಹೋಗುವವರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಷೇರು ಪಾಠ ಹೇಳಿ, ಯಾವುದೋ ಆ್ಯಪ್‌ನಲ್ಲಿ ಹಣ ಹಾಕಿಸಿ, ಪರದೆಯ ಮೇಲೆ ಸುಳ್ಳು ಲಾಭ ತೋರಿಸುವವರು. ಅದು ಹೂಡಿಕೆಯೇ ಅಲ್ಲ, ಅದರ ಬಗ್ಗೆ ಪೊಲೀಸರು ಮಾತಾಡಬೇಕು.

ಹಿರಿಯರು ಯೂನಿಟ್ ಎಂದೊಡನೆ ಮುಖ ಸಿಂಡರಿಸುವುದಕ್ಕೆ ಕಾರಣ ಬೇರೆ ಇದೆ. 1964ರಲ್ಲಿ ಯುನಿಟ್ ಟ್ರಸ್ಟ್ ಆಫ್ ಇಂಡಿಯಾ, ಅಂದರೆ ಯುಟಿಐ, ಆರಂಭಿಸಿದ ಯುಎಸ್-64 ಎಂಬ ಫಂಡ್ ಸರಕಾರದ್ದೇ ಎಂಬ ನಂಬಿಕೆಯಿಂದ ಎಷ್ಟೋ ಮನೆಗಳಲ್ಲಿತ್ತು. ಅದರ ಮಾರಾಟ ಬೆಲೆಯನ್ನು ಒಳಗಿನ ಷೇರುಗಳ ನಿಜ ಮೌಲ್ಯದ ಮೇಲೆ ಹೇಳದೆ, ಆಡಳಿತವೇ ಗೊತ್ತು ಮಾಡುತ್ತಿತ್ತು. ಷೇರುಗಳು ಬಿದ್ದವು, ಬೆಲೆ ಹಾಗೇ ನಿಂತಿತು, ತಿಳಿದ ದೊಡ್ಡವರು ಮೊದಲೇ ಹಣ ತೆಗೆದರು. 2001ರ ಜುಲೈನಲ್ಲಿ ಆರು ತಿಂಗಳು ಕೊಡುಕೊಳ್ಳುವಿಕೆಯನ್ನೇ ನಿಲ್ಲಿಸಿದರು. ಕೊನೆಗೆ ಸರಕಾರ ನೆರವಿಗೆ ಬಂತು, 2003ರಲ್ಲಿ ಯುಟಿಐ ಇಬ್ಭಾಗವಾಯಿತು. ದಿನವೂ ನಿಜವಾದ ಎನ್‌ಎವಿ ಹೇಳಬೇಕೆಂಬ ಇಂದಿನ ಕಟ್ಟುನಿಟ್ಟಿನ ಬೆಲೆ ಏನೆಂದು ತಿಳಿಯಬೇಕಾದರೆ ಆ ಕಥೆ ನೆನಪಿರಬೇಕು.

ಈಗ ಉಳಿದಿರುವುದು ಪೇಟೆಯ ಅಪಾಯ, ಅದು ಸಣ್ಣದಲ್ಲ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8,000ದ ಕೆಳಗೆ ಇಣುಕಿತು. ಆ ಎತ್ತರವನ್ನು ದಾಟಿ ಅಲ್ಲಿಯೇ ನಿಲ್ಲಲು 2013ರ ಕೊನೆಯವರೆಗೆ ಕಾಯಬೇಕಾಯಿತು. 2020ರ ಮಾರ್ಚ್ 23ರ ಒಂದೇ ದಿನ ಶೇಕಡಾ 13 ಬಿದ್ದಿತು. ಜನವರಿಯಲ್ಲಿ 42,000 ಇದ್ದದ್ದು ಅಂದು 26,000ಕ್ಕಿಂತ ಕೆಳಗೆ ಮುಗಿಯಿತು. ನವೆಂಬರ್‌ನಲ್ಲಿ ಹಳೆಯ ಎತ್ತರವನ್ನು ದಾಟಿತು. ಒಂದು ಸಲ ಐದು ವರ್ಷ, ಇನ್ನೊಂದು ಸಲ ಹತ್ತು ತಿಂಗಳು. ಮುಂದಿನ ಸಲ ಎಷ್ಟು ಎಂದು ಹೇಳಬಲ್ಲೆನೆನ್ನುವವರನ್ನು ನಂಬಬೇಡಿ. ‘ದೀರ್ಘಾವಧಿಯಲ್ಲಿ ನಷ್ಟವೇ ಇಲ್ಲ’ ಎಂಬವರಿಗೆ ಜಪಾನ್ ತೋರಿಸಿ. ಅಲ್ಲಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ್ದ ಎತ್ತರವನ್ನು ಮತ್ತೆ ಮುಟ್ಟಿದ್ದು 2024ರ ಫೆಬ್ರುವರಿಯಲ್ಲಿ. ಮೂವತ್ತನಾಲ್ಕು ವರ್ಷ. ಆಗ ನೆಟ್ಟ ಅಡಿಕೆ ಗಿಡ ಇಂದು ಮುದಿ ಮರ.

ಸ್ಮಾಲ್ ಕ್ಯಾಪ್ ಫಂಡ್‌ಗಳಲ್ಲಿ ಇದರ ಜೊತೆಗೆ ಇನ್ನೊಂದು ಅಪಾಯ ಇದೆ: ಮಾರಬೇಕೆಂದರೆ ಕೊಳ್ಳುವವರಿರುವುದಿಲ್ಲ. 2024ರ ಮಾರ್ಚ್‌ನಿಂದ ಮಿಡ್ ಮತ್ತು ಸ್ಮಾಲ್ ಕ್ಯಾಪ್ ಫಂಡ್‌ಗಳು, ತಮ್ಮ ಷೇರುಗಳ ಕಾಲುಭಾಗ ಮತ್ತು ಅರ್ಧಭಾಗ ಮಾರಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿ ಪ್ರಕಟಿಸುತ್ತಿವೆ. ಹೋದ ವರ್ಷದ ಲಾಭದ ಅಂಕಿಗಿಂತ ಆ ದಿನಗಳ ಅಂಕಿಯನ್ನು ಮೊದಲು ಓದಿ.

ನಾನು ಬಂದದ್ದೇ ಹೇಳಲು ಎನ್ನಬಹುದಾದ ಮಾತು ಈಗ ಬಂತು. ಅಪಾಯ ಎಂದರೆ ಫಂಡಿನ ಕಾಗದದ ಮೇಲೆ ಬಣ್ಣ ಬಣ್ಣದ ಗಡಿಯಾರದಂತೆ ಬರೆದಿರುವ ರಿಸ್ಕೋಮೀಟರ್ ಮಾತ್ರ ಅಲ್ಲ. ಎರಡು ಎಕರೆ ಅಡಿಕೆ ತೋಟ ಇರುವವರ ಆಸ್ತಿಯೆಲ್ಲ ಈಗಾಗಲೇ ಒಂದೇ ಬೆಳೆಯಲ್ಲಿದೆ. ಮಳೆ ಬಿಡದೆ ಹೊಡೆದು ಬೋರ್ಡೊ ದ್ರಾವಣ ಸಿಂಪಡಿಸಲು ಬಿಡುವು ಸಿಗದಿದ್ದರೆ ಕೊಳೆ ರೋಗ. ಈಚೆಗೆ ಎಲೆಚುಕ್ಕಿ. ದರ ನಿಂತಿರುವುದು ಆಮದು ನೀತಿಯ ಮೇಲೆ, ಗುಟ್ಕಾ ಕುರಿತ ಆದೇಶಗಳ ಮೇಲೆ. 2014ರಲ್ಲಿ ಏರಿದ ದರ ಮರುವರ್ಷ ಎಲ್ಲಿಗೆ ಇಳಿಯಿತೆಂದು ನನಗಿಂತ ನಿಮಗೆ ಚೆನ್ನಾಗಿ ನೆನಪಿದೆ. ಇಷ್ಟು ಏರಿಳಿತವನ್ನು ತಲೆಮೇಲೆ ಹೊತ್ತವರು ‘ನಮಗೆ ಷೇರಿನ ಅಪಾಯ ಬೇಡ’ ಎನ್ನುವುದು ನನಗೆ ಸೋಜಿಗ. ಅಡಿಕೆಗೆ ಏನಾದರೂ ಆದ ವರ್ಷ ಐವತ್ತು ಬೇರೆ ಬೇರೆ ಕಂಪನಿಗಳಿಗೂ ಅದೇ ಆಗಬೇಕೆಂದಿಲ್ಲ, ಆದ್ದರಿಂದ ಸ್ವಲ್ಪ ಭಾಗ ಅಲ್ಲಿರುವುದು ಒಳ್ಳೆಯದೇ. ಆದರೆ ಅಷ್ಟೇ ಸತ್ಯವಾದ ಇನ್ನೊಂದು ಮಾತು: ನಿಮ್ಮ ಆದಾಯವೇ ಏರಿಳಿಯುವುದರಿಂದ, ಸಂಬಳದವರಿಗಿಂತ ನಿಮಗೆ ಕೈಗೆಟಕುವ ಠೇವಣಿ ಹೆಚ್ಚು ಬೇಕು. ಬೆಳೆ ಕೈಕೊಟ್ಟ ವರ್ಷವೇ ಪೇಟೆಯೂ ಬಿದ್ದಿದ್ದರೆ, ಮನೆಖರ್ಚಿಗಾಗಿ ಅರ್ಧ ಬೆಲೆಗೆ ಯೂನಿಟ್ ಮಾರಬೇಕಾಗುತ್ತದೆ. ಎರಡು ವರ್ಷದ ಮನೆಖರ್ಚು, ಒಂದು ವರ್ಷದ ತೋಟದ ಕೂಲಿ ಬದಿಗಿಟ್ಟ ಮೇಲೆ ಉಳಿದದ್ದರಲ್ಲಿ, ಏಳೆಂಟು ವರ್ಷ ಮುಟ್ಟಬೇಕಾಗಿಲ್ಲದ ಹಣ ಮಾತ್ರ ಷೇರು ಫಂಡಿಗೆ. ಇದು ನನ್ನ ಲೆಕ್ಕ; ನಿಮ್ಮದು ಸ್ವಲ್ಪ ಬೇರೆಯಿರಬಹುದು.

ಠೇವಣಿ ಎಂದಾಗ ಒಂದು ಮಾತು, ಸೊಸೈಟಿಯ ಸಭಾಂಗಣದಲ್ಲಿ ನಿಂತು ಹೇಳಲು ತುಸು ಇರಿಸುಮುರಿಸಾದರೂ ಹೇಳುತ್ತೇನೆ. ಬ್ಯಾಂಕುಗಳ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, 2020ರ ಫೆಬ್ರುವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆ ಇದೆ. ಪ್ರಾಥಮಿಕ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಸಂಘವನ್ನು ನಂಬಿ, ಆದರೆ ವಾರ್ಷಿಕ ವರದಿಯನ್ನು ಊಟದ ಕೂಪನ್ ಜೊತೆ ಮಡಿಚಿಡದೆ ಓದಿ.

ಪ್ರಶ್ನೆಗಳಿಗೆ ಬರೋಣ.

ಸಿದ್ದಾಪುರದ ಕಡೆಯ ಹೆಗಡೆಯವರೊಬ್ಬರು ಕೇಳಿದರು: ‘ಬೆಳೆಸಾಲ ಶೂನ್ಯ ಬಡ್ಡಿಗೆ ಸಿಗುತ್ತದೆ. ಅದನ್ನೇ ಒಂದು ವರ್ಷ ಫಂಡಿಗೆ ಹಾಕಿದರೆ ಹೇಗೆ?’ ಸಭೆಯಲ್ಲಿ ನಗು ಎದ್ದಿತು, ಆದರೆ ನಕ್ಕವರಲ್ಲಿ ಕೆಲವರು ಇದನ್ನು ಮಾಡುತ್ತಿರಬಹುದೆಂದು ನನ್ನ ಗುಮಾನಿ. ಹೆಗಡೆಯವರೇ, ಶೂನ್ಯ ಬಡ್ಡಿ ಇರುವುದು ಗಡುವಿನೊಳಗೆ ತೀರಿಸಿದರೆ. ಗಡುವಿನ ದಿನ ಪೇಟೆ ಬಿದ್ದಿದ್ದರೆ ನಷ್ಟಕ್ಕೆ ಮಾರಿ ತೀರಿಸಬೇಕು, ಇಲ್ಲವೇ ಬಡ್ಡಿ ತೆರಬೇಕು. ಒಂದು ವರ್ಷದ ಹಣ ಷೇರಿಗೆ ಹೋಗಬಾರದು, ಸಾಲದ ಹಣವಂತೂ ಎಂದಿಗೂ ಹೋಗಬಾರದು. ಅದಿರಲಿ, ಬೇರೆ ಸಾಲ ಶೇಕಡಾ ಹನ್ನೊಂದು ಹನ್ನೆರಡಕ್ಕೆ ಇದ್ದರೆ ಅದನ್ನು ತೀರಿಸುವುದೇ ಅಷ್ಟು ಆದಾಯ ಗಟ್ಟಿಯಾಗಿ ಬಂದಂತೆ, ತೆರಿಗೆಯೂ ಇಲ್ಲ.

ಒಬ್ಬ ಯುವಕ ಕೇಳಿದ: ‘ಹೋದ ವರ್ಷ ಮೊದಲ ಸ್ಥಾನ ಬಂದ ಫಂಡನ್ನೇ ಪ್ರತಿ ವರ್ಷ ಕೊಂಡರೆ?’ ಹೋದ ವರ್ಷ ಮೊದಲು ಬರುವುದು ಬಹುತೇಕ ಒಂದೇ ವಲಯಕ್ಕೆ ಹಣ ಕಟ್ಟಿದ ಫಂಡ್. ಒಮ್ಮೆ ಔಷಧಿ, ಒಮ್ಮೆ ಐಟಿ, ಒಮ್ಮೆ ರಕ್ಷಣಾ ಕಂಪನಿಗಳು. ಜನ ಸೇರುವ ಹೊತ್ತಿಗೆ ಬೆಲೆ ಏರಿ ಮುಗಿದಿರುತ್ತದೆ. ವರ್ಷಕ್ಕೊಮ್ಮೆ ಜಿಗಿದರೆ ಪ್ರತಿ ಜಿಗಿತಕ್ಕೂ ತೆರಿಗೆ ಸೇರಿಸಿಕೋ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಾಯಿಯೊಬ್ಬರ ಪ್ರಶ್ನೆ ಎಲ್ಲಕ್ಕಿಂತ ಉಪಯುಕ್ತವಾಗಿತ್ತು: ‘ಇವರು ಏನೇನು ಹಾಕಿದ್ದಾರೋ ನನಗೆ ಗೊತ್ತಿಲ್ಲ. ನಾಳೆ ಏನಾದರೂ ಆದರೆ ಎಲ್ಲಿ ಹೋಗಿ ಕೇಳಬೇಕು?’ ಅಮ್ಮಾ, ಬಹುತೇಕ ಎಲ್ಲ ಫಂಡ್‌ಗಳೂ ಪ್ಯಾನ್ ಸಂಖ್ಯೆಗೆ ಜೋಡಣೆಯಾಗಿರುತ್ತವೆ. ಅವರ ಪ್ಯಾನ್ ಮತ್ತು ನೋಂದಾಯಿತ ಇಮೇಲ್ ಗೊತ್ತಿದ್ದರೆ ಎಲ್ಲ ಸಂಸ್ಥೆಗಳ ಹೂಡಿಕೆಯೂ ಇರುವ ಒಂದೇ ಸ್ಟೇಟ್‌ಮೆಂಟ್ ತರಿಸಿಕೊಳ್ಳಬಹುದು. ಇವತ್ತು ಮನೆಗೆ ಹೋಗಿ ಪ್ರತಿ ಫೋಲಿಯೊದಲ್ಲಿ, ಅಂದರೆ ಫಂಡ್ ಖಾತೆಯಲ್ಲಿ, ನಾಮಿನಿ ಯಾರೆಂದು ನೋಡಿ. ಈಗ ಹತ್ತು ಮಂದಿಯವರೆಗೆ ಹೆಸರು ಕೊಡಬಹುದು. ನಾಮಿನಿಗೆ ಯೂನಿಟ್ ವರ್ಗವಾಗುತ್ತದೆ, ಆದರೆ ಅಷ್ಟರಿಂದಲೇ ಅವರು ಮಾಲೀಕರಾಗುವುದಿಲ್ಲ. ಉಯಿಲು ಅಥವಾ ವಾರಸಾ ಕಾನೂನು ಹೇಳಿದವರಿಗೆ ಅದು ಸೇರಬೇಕು. ಅಣ್ಣತಮ್ಮಂದಿರ ನಡುವೆ ಹಿಸೆ ಇನ್ನೂ ಆಗಿರದ ಮನೆಗಳಲ್ಲಿ ಉಯಿಲನ್ನೂ ಬರೆದಿಡುವುದು ಒಳ್ಳೆಯದು. ಮರಣ ಪ್ರಮಾಣಪತ್ರ, ನಾಮಿನಿಯ ಪ್ಯಾನ್, ಕೆವೈಸಿ, ನಾಮಿನಿಯ ಹೆಸರಿರುವ ರದ್ದು ಮಾಡಿದ ಚೆಕ್ ಇಷ್ಟು ಬೇಕಾಗುತ್ತದೆ. ನಿಮ್ಮ ಹೆಸರಿನಲ್ಲೇ ಒಂದು ಬ್ಯಾಂಕ್ ಖಾತೆ, ನಿಮ್ಮದೇ ಕೆವೈಸಿ ಈಗಲೇ ಆಗಿರಲಿ. ಅವರು ಬೇಡವೆಂದರೂ ಮಾಡಿಸಿಕೊಳ್ಳಿ.